ಭೀಮಗಡ ಕಾಡಿನೊಳಗಿನ ಶಾಲೆಗೆ ಪೋಸ್ಟಿಂಗ್ ಆಗೇತಿ, ಖಾನಾಪುರದಾಗ ರೂಮ್ ಮಾಡಿ ಬೈಕ್ ಮ್ಯಾಲ ಓಡಾಡಬಹುದಾ?

ವಿಜಯಪುರದವರು, ಮೊದಲನೇ ಪೋಸ್ಟಿಂಗ್, ಮರಾಠಿ ಶಾಲೆಯಾಗ ಕನ್ನಡ ಕಲಿಸೋ ಮಾಸ್ತರ, ಹೋಗಿ ಬರಾಕ ದಿನಾ 60 ಕಿ.ಮೀ. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದಿ ಬರ್ಲಿಲ್ರಿ. 2018ರಾಗ ನಾನೂ ಸೇಮ್ ಲೆಕ್ಕಾ ಹಾಕಿದ್ನಿ, ನನ್ನ ಬಲಗಾಲಾಗ ಇನ್ನೂ ರಾಡ್ ಐತಿ.

ನಮ್ಮೂರು ಹುನಗುಂದ ತಾಲೂಕು, ಮಲಪ್ರಭಾ ದಂಡಿ, ಕೂಡಲಸಂಗಮ ಹತ್ರ. ವರ್ಷಕ್ಕ 600 ಮಿ.ಮೀ. ಮಳಿ ಆದ್ರ ಈ ಸಲ ಚಲೋ ಆತು ಅನ್ನೋ ಮಂದಿ ನಾವು. ಖಾನಾಪುರ ತಾಲೂಕಿನ ಅಮಗಾಂವದಾಗ 2010ರಾಗ 10,000 ಮಿ.ಮೀ. ದಾಟಿತ್ತು ಅಂತ ಪೇಪರ್‌ನ್ಯಾಗ ಓದಿದ್ನಿ, ಓದಿ ಬಿಟ್ಟಿದ್ನಿ. ಅದೇನು ಅಂತ ತಿಳಿದಿದ್ದು ಆ ಸೀಮಿಯೊಳಗ ಹೋದ ಮ್ಯಾಲ. ಡಬ್ಬ್ಯಾಗಿನ ಉಪ್ಪು ನೀರಾಗ್ತದ, ಚರ್ಮದ ಬೆಲ್ಟಿಗೆ ಎರಡು ದಿನಕ್ಕ ಬೂಸ್ಟು ಬರ್ತದ, ಹಾಜರಿ ಪುಸ್ತಕದ ಹಾಳಿ ಒಂದಕ್ಕೊಂದು ಅಂಟ್ಕೋತಾವ. ಬಿಸಿಲಿಲ್ಲದ್ದಕ್ಕ ಮನ್ಯಾಗ ಒಲಿ ಮ್ಯಾಲ ಹಗ್ಗಾ ಕಟ್ಟಿ ಅರಬಿ ಒಣಗಸ್ತಾರ, ಹಿಂಗಾಗಿ ಜುಲೈದಾಗ ಮಕ್ಕಳು ಕ್ಲಾಸಿಗೆ ಬಂದು ಕುಂತ್ರ ಇಡೀ ಖೋಲಿ ಹೊಗಿ ವಾಸನಿ. ನಂಗ ಈಗೂ ಎಲ್ಲರ ಕಟಗಿ ಹೊಗಿ ಬಂದ್ರ ಆ ಹುಡುಗೂರ ನೆನಪಾಗ್ತಾವ.

ನಾ ಮಾಡಿದ ತಪ್ಪು ಹೇಳ್ತೀನಿ, ಉದ್ದ ಆದ್ರೂ ಪೂರ್ತಿ ಓದ್ರಿ.

ಖಾನಾಪುರದಾಗ ರೂಮ್. ಹೆಮ್ಮಡಗಾ ತನಕ ಡಾಂಬರ್ ರೋಡ್, ಆಮ್ಯಾಲ ಕಾಡಿನ ದಾರಿ, ದಾರ್‍ಯಾಗ ಎರಡು ಹಳ್ಳ. ಒಂದಕ್ಕ ಫರ್ಸಿ ಐತಿ (ಮಳಿಗಾಲದಾಗ ನೀರು ಮ್ಯಾಲಿಂದ ಹರಿಯೋ ತಗ್ಗಿನ ಸೇತುವಿ), ಇನ್ನೊಂದಕ್ಕ ಊರವರು ಕಟ್ಟಿದ ಕಟಗಿ ಸಂಕ. ಜೂನ್ ಹೆಂಗೋ ಕಳೀತು. ಜುಲೈದಾಗ ಒಂದಿನ ಮುಂಜಾನಿಯಿಂದ ಮಳಿ ಇಲ್ಲ, ಮಧ್ಯಾಹ್ನ ಸ್ವಲ್ಪ ಬಿಸಿಲೂ ಬಿತ್ತು. ಸಂಜಿಕಡೆ ಶಾಲಿ ಬಿಟ್ಟು ಬಂದ್ನಿ, ಫರ್ಸಿ ಮ್ಯಾಲ ನೀರು ಹಿಮ್ಮಡ ಮುಳುಗೋವಷ್ಟು. ದಂಡಿಗೆ ಒಬ್ಬ ಅಜ್ಜಿ ಇರ್ಲಾ ಹೊದ್ಕೊಂಡು ನಿಂತಿದ್ಲು (ಬಿದಿರು, ಎಲಿ ಹಾಕಿ ಹೆಣೀತಾರಲ್ಲ, ಮಲೆನಾಡಿನವರು ಗೊರಬು ಅಂತಾರ). "ಪಾಣಿ ಯೇತಂಯ್ ಗುರುಜಿ, ಥಾಂಬಾ" ಅಂದ್ಲು. ನಂಗ ಮರಾಠಿ ಬಾಜಾರದಾಗ ಕಾಯಿಪಲ್ಯ ತಗೊಳ್ಳೋವಷ್ಟ ಬರ್ತಿತ್ತು. ನೀರು ಐತಿ ಅಂತ ಹೇಳಾಕತ್ತಾಳ, ಕಾಣಸ್ತೈತಲ್ಲ ಅಜ್ಜಿ, ಇಷ್ಟ ಐತಿ ಅಂತ ನಕ್ಕೋತ ಗಾಡಿ ಇಳಿಸಿದ್ನಿ. ಆಕಿ "ಆಹೇ" ಅಂದಿರಲಿಲ್ಲ, "ಯೇತಂಯ್" ಅಂದಿದ್ಲು. ನೀರು ಐತಿ ಅಂತಲ್ಲ, ನೀರು ಬರಾಕತ್ತೈತಿ, ನಿಂದ್ರು ಅಂತ.

ನಮ್ಮ ಕಡೆ ಹಳ್ಳದ್ದು ಒಂದ ಲೆಕ್ಕ. ತಲಿ ಮ್ಯಾಲ ಮೋಡ ಇದ್ರ ನೀರು, ಮಳಿ ನಿಂತ್ರ ಎರಡು ತಾಸಿಗೆ ಕಲ್ಲು ಕಾಣಸ್ತಾವ. ನಾ ಆ ಲೆಕ್ಕಾ ತಗೊಂಡ ಅಲ್ಲಿ ಹೋದ್ನಿ. ಅಲ್ಲಿ ನಿಮ್ಮ ತಲಿ ಮ್ಯಾಲಿನ ಆಕಾಶ ನೋಡಿ ಏನೂ ತಿಳ್ಯಾಂಗಿಲ್ಲ, ಗೋವಾ ಗಡಿಕಡೆ ಗುಡ್ಡದಾಗ ಮಧ್ಯಾಹ್ನ ಸುರಿದಿದ್ದು ನಿಮ್ಮ ಫರ್ಸಿಗೆ ಸಂಜಿಗೆ ಬರ್ತದ, ನೀವಿದ್ದಲ್ಲಿ ಬಿಸಿಲು ಇದ್ರೂ ಬರ್ತದ. ಬರೋದಕ್ಕ ಮೊದಲ ಗುರುತು ಕೊಡ್ತದ. ತಿಳಿ ನೀರು ಚಹಾ ಬಣ್ಣಕ್ಕ ತಿರಗ್ತದ, ಒಣಗಿದ ಎಲಿ, ಕಡ್ಡಿ, ಬಿಳಿ ನೊರಿ ಒಟ್ಟಿಗೆ ತೇಲಿ ಬರ್ತಾವ, ಒಳಗ ಸಣ್ಣ ಕಲ್ಲು ಉರುಳೋ ಸಪ್ಪಳ ಕೇಳಸ್ತದ. ಅವತ್ತು ನೊರಿ ನಾ ನೋಡಿದ್ನಿ, ನೋಡಿನೂ ಇಳಿಸಿದ್ನಿ, ಯಾಕಂದ್ರ ಅದರ ಅರ್ಥ ಯಾರಿಗೂ ಕೇಳಿರಲಿಲ್ಲ. ದಿನಾ ಐದು ಗಂಟೆಗೆ ಆ ಊರು ಬಿಟ್ಟು ಓಡಿ ಬರೋ ಮನಷಾ ಯಾವಾಗ ಕೇಳ್ತಾನ್ರಿ?

ನಡು ಫರ್ಸಿಯೊಳಗ ಪಾಚಿ ಮ್ಯಾಲ ಗಾಲಿ ಜಾರ್ತು, ಗಾಡಿ ಕಾಲ ಮ್ಯಾಲ ಬಿತ್ತು, ಎದ್ದೇಳೋದ್ರಾಗ ನೀರು ಮೊಣಕಾಲಿಗೆ, ಆಮ್ಯಾಲ ಟೊಂಕಕ್ಕ. ಅಜ್ಜಿ ಕೂಗಿದ್ದಕ್ಕ ಗದ್ದಿಯೊಳಗ ನಾಟಿ ಮಾಡಾಕತ್ತಿದ್ದ ಗಂಡಸರು ಹಗ್ಗಾ ತಗೊಂಡು ಬಂದು ಎಳದ್ರು. ಎರಡು ಬಿದಿರ ಗಳಕ್ಕ ಕಂಬಳಿ ಕಟ್ಟಿ, ನೀರು ಇಳಿಯೋತನಕ ಕಾದು, ಕತ್ತಲ್ಯಾಗ ಡಾಂಬರ್ ರೋಡ್ ತನಕ ಹೊತ್ರು. ಎಂಟು ಮಂದಿ, ಹೆಗಲು ಬದಲಿ ಮಾಡ್ಕೋತ. ಬ್ಯಾಟರಿ ಬೆಳಕಿನ್ಯಾಗ ನನ್ನ ಮುಂದಿನವನ ಮೀನಖಂಡ ಕಾಣಸ್ತಿತ್ತು, ಒಂದರ ಕೆಳಗ ಒಂದು ಇಂಬಳ ಕಚ್ಕೊಂಡು ದಪ್ಪ ಆಗಿದ್ವು, ರಕ್ತ ಹಿಮ್ಮಡಕ್ಕ ಇಳೀತಿತ್ತು, ಎರಡೂ ಕೈ ಗಳಕ್ಕ ಇದ್ದದ್ದಕ್ಕ ಕಿತ್ತು ಒಗೆಯಾಕ ಅವಂಗ ಆಗವಲ್ದು. ಅದನ್ನ ನೋಡಿ ನಾ ಅತ್ನಿ, ಕಾಲಿನ ನೋವಿಗಲ್ಲ. ನಾಟಿ ದಿನ ಕಳಕೊಂಡ್ರು, ಒಂದು ರೂಪಾಯಿ ಮುಟ್ಟಲಿಲ್ಲ. ಬಸುರಿ ಹೆಣ್ಣಮಕ್ಕಳನ್ನ, ಜ್ವರ ಬಂದ ಮುದುಕರನ್ನ ಅವರು ಹಿಂಗ ಹೊತ್ತು ತರ್ತಾರ, ಮಳಿಗಾಲ ಬಂದ್ರ.

ಆರು ತಿಂಗಳ ಮ್ಯಾಲ ವಾಪಸ್ ಹೋಗಿ ಊರಾಗ ಖೋಲಿ ಹಿಡಿದ್ನಿ. 2022ರಾಗ ವರ್ಗ ಆಗೋತನಕ ಅಲ್ಲೇ ಇದ್ನಿ.

ಅದಕ್ಕ ಹೇಳ್ತೀನಿ, ಬೈಕ್ ಮ್ಯಾಲ ಓಡಾಡಬಹುದಾ ಅನ್ನೋ ಪ್ರಶ್ನೆನ ತಪ್ಪು. ಜೂನ್‌ದಿಂದ ಸಪ್ಟಂಬರ್ ಅಲ್ಲೇ ಇರ್ರಿ. ಹೊರಗ ಇದ್ದು ಆ ಮಕ್ಕಳಿಗೆ ಕಲಿಸಾಕ ಆಗೂದಿಲ್ಲ. ಅವು ಮನ್ಯಾಗ ಕೊಂಕಣಿ ಮಿಕ್ಸ್ ಮರಾಠಿ ಆಡ್ತಾವ, ಕನ್ನಡ ಕಿವಿಗೆ ಬೀಳೋದ ನಿಮ್ಮ ಬಾಯಿಂದ. ನೀವು ಅವರ ಮಾತು ಕಲೀರಿ ಮೊದಲ. ಮಿರಗ (ಮೃಗಶಿರಾ ಮಳಿ) ಕೂಡೋದ್ರಾಗ ಅಕ್ಕಿ, ಬ್ಯಾಳಿ, ಎಣ್ಣಿ, ಮಾತ್ರಿ, ಸೆಲ್ ಎಲ್ಲಾ ತುಂಬಸ್ಕೋರಿ, ಚೀಲ ನೆಲದ ಮ್ಯಾಲ ಇಡಬ್ಯಾಡ್ರಿ, ಒಲಿ ಮ್ಯಾಲಿನ ಅಟ್ಟಕ್ಕ ಹಾಕ್ರಿ. ಜ್ವಾಳದ ಹಿಟ್ಟು ಬಹಳ ಒಯ್ಯಬ್ಯಾಡ್ರಿ, ಗಂಟು ಕಟ್ಟಿ ಹುಳಾ ಬೀಳ್ತದ, ನಾಚಣಿ (ರಾಗಿ) ರೊಟ್ಟಿ ಕಲೀರಿ. ರಾತ್ರಿ ಬ್ಯಾಟರಿ, ಬೂಟು ಇಲ್ಲದ ಹೊರಗ ಕಾಲಿಡಬ್ಯಾಡ್ರಿ. ದವಾಖಾನಿಯೊಳಗ ಸಿಗೋ ಹಾವಿನ ಇಂಜೆಕ್ಷನ್ ನಾಗರ, ಕಟ್ಟಹಾವು, ಎರಡು ಥರದ ಮಂಡಲ, ಈ ನಾಕಕ್ಕ ಮಾಡಿದ್ದು, ಗಿಡದ ಮ್ಯಾಲಿನ ಹಸರು ಮಂಡಲಕ್ಕ ಅದು ಅಲ್ಲ. ಕಚ್ಚಿದ್ರ ಬಿಗಿಯಾಗಿ ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಕಾಲು ಅಲುಗಾಡದಂಗ ಇಟ್ಟು ಹೊರಸ್ಕೊಂಡು ಬರ್ರಿ.

ಹೆಂಗೂ ಊರು ಎಬ್ಬಸ್ತಾರಂತ, ಎರಡು ವರ್ಷ ಹೆಂಗರ ತಳ್ಳಿದ್ರಾತು ಅಂತ ಬರದೀರಿ. 2011ರಾಗ ಅಭಯಾರಣ್ಯ ಆದಾಗಿಂದ ಆ ಮಾತು ನಡದೈತಿ. 2025ರಾಗ ತಳೇವಾಡಿಯ 27 ಮನಿಯವರು ಮನಿಗೆ 15 ಲಕ್ಷ ಪರಿಹಾರಕ್ಕ ಒಪ್ಪಿ ಹೊರಗ ಬರಾಕ ತಯಾರಾದ್ರು, ಉಳಿದ ಊರು ಇನ್ನೂ ಅಲ್ಲೇ ಅದಾವ. ಅವರಿಗೆ ಬಿಡ್ರಿ ಅಂತನೂ ಇರ್ರಿ ಅಂತನೂ ನಾವು ಹೊರಗಿನವರು ಹೇಳಬಾರದು, ಬಸುರ್‍ಯಾಗ ಕಂಬಳಿಯೊಳಗ ಮಲಗಿ ಬಂದಾಕಿ ಹೇಳ್ಬೇಕು. ಆ ಗುಡ್ಡದ ಒಂದು ಕಡೆ ಬಿದ್ದ ನೀರು ಮಹದಾಯಿ ಆಗಿ ಗೋವಾಕ್ಕ ಹೋಗ್ತದ, ಇನ್ನೊಂದು ಕಡೆ ಕಣಕುಂಬಿಯೊಳಗ ಹುಟ್ಟಿದ ಮಲಪ್ರಭಾ ಸುಮಾರು 300 ಕಿ.ಮೀ. ಹರದು ನಮ್ಮ ಹೊಲಕ್ಕ ಬರ್ತದ. 2019ರ ಆಗಸ್ಟ್‌ನ್ಯಾಗ ನೆಟ್‌ವರ್ಕ್ ಸಿಗೋ ದಿಬ್ಬಾ ಹತ್ತಿ ಮನಿಗೆ ಫೋನ್ ಹಚ್ಚಿದ್ರ ಅಪ್ಪ, ಪಟ್ಟದಕಲ್ಲಿನ ಗುಡಿಗೆ ನೀರು ಹೊಕ್ಕಾವ, ನಮ್ಮ ಕಬ್ಬು ಕಾಣವಲ್ದು ಅಂದ. ನಾ ನಿಂತಲ್ಲಿ ಎಂಟು ದಿನದಿಂದ ಮಳಿ ನಿಂತಿರಲಿಲ್ಲ.

ಮೇ ತಿಂಗಳದಾಗ ಒಂದು ಐತಾರ ಹೋಗ್ರಿ, ಗಾಡಿ ಹೆಮ್ಮಡಗಾದಾಗ ಬಿಟ್ಟು ನಡಕೋತ ಹೋಗ್ರಿ, ದಾರ್‍ಯಾಗ ಎಷ್ಟು ಹಳ್ಳ ಎಣಸ್ರಿ, ಪ್ರತಿ ಹಳ್ಳದ ದಂಡಿಗೆ ಯಾರ ಮನಿ ಐತಿ ಅವರನ್ನ ಮಾತಾಡಸ್ರಿ. ಊರಿನ ಹೆಸರು ನಂಗ ಮೆಸೇಜ್ ಮಾಡ್ರಿ, ಅದ ಊರಿದ್ರ ಖೋಲಿ ಯಾರ ಮನ್ಯಾಗ ಸಿಗ್ತದ ಹೇಳ್ತೀನಿ.