ಚಿನ್ನದ ಔಷಧಿಗೆ ಕಾಯುತ್ತಿದ್ದ ಅಮ್ಮ

ಇಂಥ ತಾಯಂದಿರು ನನ್ನ ಮುಂದೆ ಮತ್ತೆ ಮತ್ತೆ ಬಂದು ಕೂರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇವರನ್ನು ಲತಾ ಅನ್ನೋಣ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಮಗನಿಗೆ ನಾಲ್ಕು ವರ್ಷ. ಮೇಲಿನ ಮುಂಭಾಗದ ಹಾಲುಹಲ್ಲುಗಳೆಲ್ಲ ಹುಳುಕು. ಡೆಂಟಲ್ ಕುರ್ಚಿ ಕಂಡರೆ ಸಾಕು, ಕಿರುಚಾಟ ಶುರು.

ಮಕ್ಕಳ ಹಲ್ಲಿನ ಡಾಕ್ಟರು ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚೋಣ ಅಂದಿದ್ದರು. ಡ್ರಿಲ್ ಇಲ್ಲ, ಸೂಜಿ ಇಲ್ಲ. ಪುಟ್ಟ ಬ್ರಷ್‌ನಲ್ಲಿ ಒಂದು ನಿಮಿಷದ ಕೆಲಸ. ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೆ ಹುಳುಕು ಹಿಡಿದ ಜಾಗ ಕಪ್ಪಾಗುತ್ತದೆ, ಉಜ್ಜಿದರೂ ಹೋಗಲ್ಲ. ಲತಾ ಎರಡು ಸಲ ಅಪಾಯಿಂಟ್‌ಮೆಂಟ್ ತಪ್ಪಿಸಿದರು. ಡಾಕ್ಟರು ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದರು.

ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಒಳಗೆ ಪ್ರಿಂಟ್ ತೆಗೆದ ಲೇಖನಗಳು, ಸಾಲುಗಳ ಮೇಲೆಲ್ಲ ಹಳದಿ ಬಣ್ಣ. "ಮೇಡಂ, 25 ಚಿನ್ನದ ಪರಮಾಣು ಸೇರಿದ ಕ್ಲಸ್ಟರ್ ಬ್ಯಾಕ್ಟೀರಿಯಾ ಕೊಲ್ಲುತ್ತಂತೆ. ಇದು ಹಲ್ಲಿಗೂ ಬಂದೇ ಬರುತ್ತೆ. ಸ್ವಲ್ಪ ಕಾಯೋಣ ಅಂತ."

ಅವರು ಹೇಳಿದ್ದು ಸುಳ್ಳಲ್ಲ. 2017ರಲ್ಲಿ ಸಿಂಗಪುರದ ಸಂಶೋಧಕರು ತೋರಿಸಿದ್ದು ಅದನ್ನೇ. ದೊಡ್ಡ ಚಿನ್ನದ ಕಣಕ್ಕೆ ಜಗ್ಗದ ಬ್ಯಾಕ್ಟೀರಿಯಾ, ಎರಡು ನ್ಯಾನೊಮೀಟರಿಗಿಂತ ಸಣ್ಣದಾದ ಈ ಗೊಂಚಲಿಗೆ ಸಾಯುತ್ತವೆ. ನನಗೂ ಓದಿ ಖುಷಿಯಾಗಿತ್ತು. ಆದರೆ ಅದು ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ಮಗುವಿನ ಬಾಯಲ್ಲಿ ಜೊಲ್ಲಿದೆ, ಬಿಸ್ಕತ್ತಿನ ಚೂರಿದೆ, ಹಲ್ಲಿಗೆ ಪಾಚಿಯ ಹಾಗೆ ಅಂಟಿದ ಪದರವಿದೆ. ಅಲ್ಲಿಂದ ಇಲ್ಲಿಗೆ ಬರುವಷ್ಟು ಹೊತ್ತು ಹಾಲುಹಲ್ಲು ಉಳಿಯುತ್ತದಾ? ಕೆಮಿಸ್ಟ್ರಿ ಪಾಠ ಮಾಡುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ ಅನ್ನಿಸಿತು. ಅದಕ್ಕೇ ವಾದಕ್ಕಿಳಿಯಲಿಲ್ಲ.

"ಲತಾ ಅವರೇ, ಆ ಚಿನ್ನದ ಔಷಧಿ ನಾಳೆಯೇ ಬಂತು ಅಂದುಕೊಳ್ಳಿ. ಆದರೆ ಅದೂ ಹಲ್ಲು ಕಪ್ಪು ಮಾಡುತ್ತೆ. ಹಚ್ಚಿಸ್ತೀರಾ?"

ಫೈಲಿನ ಮೂಲೆಯನ್ನು ಉಗುರಿನಲ್ಲಿ ಕೆರೆಯುತ್ತಾ ಕೂತರು. ತುಂಬಾ ಹೊತ್ತಾದ ಮೇಲೆ, "ಇಲ್ಲ ಮೇಡಂ," ಅಂದರು. "ಮುಂದಿನ ತಿಂಗಳು ನಾದಿನಿ ಮದುವೆ. ಎಲ್ಲರೂ ಮಗೂನ ಎತ್ಕೊಂಡು ಬಾಯಿ ನೋಡ್ತಾರೆ. ಕೆಲಸಕ್ಕೆ ಹೋಗೋಳು, ಮಗೂನ ಎಲ್ಲಿ ನೋಡ್ಕೋತಾಳೆ ಅಂತಾರೆ." ಆಮೇಲೆ ದನಿ ಇಳಿಯಿತು. "ರಾತ್ರಿ ಹಾಲಿನ ಬಾಟ್ಲಿ ಬಾಯಲ್ಲಿಟ್ಟೇ ಮಲಗಿಸ್ತಿದ್ದೆ. ಪೇಪರ್ ತಿದ್ದೋದಿರ್ತಿತ್ತು. ಅವರು ಅನ್ನೋದು ನಿಜ ತಾನೇ?"

ಫೈಲು ಮತ್ತೆ ತೆರೆಯಲಿಲ್ಲ. ಬಾಟಲಿಯಿಂದ ಹುಳುಕು ಬಂದಿರಬಹುದು, ಅದನ್ನು ಮುಚ್ಚಿಡಲಿಲ್ಲ. ಸುಮ್ನೆ ಸಮಾಧಾನ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ದೊಡ್ಡವರು ಇನ್ನೂ ಮೂವರಿದ್ದರು. ರಾತ್ರಿ ಮಗುವನ್ನು ಮಲಗಿಸುವುದು ಒಬ್ಬಳದೇ ಕೆಲಸ ಯಾಕಾಯಿತು ಅಂತ ಕೇಳಿದೆ. ಆಗಲೇ ಅತ್ತರು.

ನನ್ನ ಸಲಹೆ ನೇರವಾಗಿತ್ತು. ಮದುವೆಗೆ ಮುಂಚೆಯೇ ಹಚ್ಚಿಸಿ. ಬಾಟಲಿ ಇವತ್ತೇ ನಿಲ್ಲಲಿ. ಅತ್ತೆಗೆ ಬೇರೆಯವರಿಂದ ಗೊತ್ತಾಗುವ ಮೊದಲು ನೀವೇ ಹೇಳಿ: "ಅತ್ತೆ, ಅದು ಔಷಧಿ ಹಚ್ಚಿದ ಗುರುತು, ಹುಳುಕು ನಿಂತಿದೆ." ಈ ಮಾತನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಆಮೇಲೆ ಬೇಕಾದರೆ ಹಲ್ಲಿನ ಬಣ್ಣದ ಸಿಮೆಂಟಿನಿಂದ ಕಪ್ಪು ಮುಚ್ಚಿಸಬಹುದಾ ಅಂತ ಡಾಕ್ಟರನ್ನು ಕೇಳಿ. ರಾತ್ರಿ ನೋವು, ವಸಡು ಊತ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ನರದವರೆಗೆ ಹೋದ ಹುಳುಕಿಗೆ ಈ ಔಷಧಿ ಅಲ್ಲ.

ಆಪ್ತಸಲಹೆ ಮಾಡುವ ಗೆಳತಿಯೊಬ್ಬರು ಬೇಜಾರಾದರು. ನಿರ್ಧಾರ ತಾಯಿಯದು, ನೀನು ಡಾಕ್ಟರ ಪರ ವಾದಿಸಿದೆ ಅಂದರು. ಎರಡು ರಾತ್ರಿ ಅದೇ ಯೋಚನೆ. ದೊಡ್ಡವರ ವಿಷಯವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇಲ್ಲಿ ಕಾಯುತ್ತಿದ್ದದ್ದು ಅಮ್ಮ, ಸವೆಯುತ್ತಿದ್ದದ್ದು ಮಗುವಿನ ಹಲ್ಲು. ಆ ಹುಡುಗ ಚಪಾತಿಯನ್ನು ಕಡವಾಯಿಯಲ್ಲೇ ಕಚ್ಚಿ ಎಳೆಯುವುದನ್ನು ಹೊರಗಿನ ಬೆಂಚಿನಲ್ಲಿ ನೋಡಿದ್ದೆ.

ಮದುವೆಗೆ ಹತ್ತು ದಿನ ಮುಂಚೆ ಹಚ್ಚಿಸಿದರು. ಆರು ತಿಂಗಳಿಗೆ ಮತ್ತೆ ಹಚ್ಚಬೇಕು ಅಂದಿದ್ದಾರೆ. ಆ ದಿನವನ್ನು ನನ್ನ ಕ್ಯಾಲೆಂಡರಿನಲ್ಲೂ ಗುರುತು ಮಾಡಿಟ್ಟಿದ್ದೇನೆ.