ಗಂಡನ ಮನೆಯವರ ಡೆನ್ಮಾರ್ಕ್ ಮೂಲ ಹುಡುಕಬೇಕು, ಪೀಟರ್ಸನ್ ಮನೆತನ. ಯಾವ ವೆಬ್‌ಸೈಟಿಗೆ ದುಡ್ಡು ಕಟ್ಟಲಿ?

ಯಾವುದಕ್ಕೂ ಕಟ್ಟಬೇಡಿ. ನಮ್ಮ ಯಜಮಾನರ ಮನೆಯವರೂ ಪೀಟರ್ಸನ್‌ಗಳೇ. ಮಾವನವರ ಅಜ್ಜ 1880ರ ದಶಕದಲ್ಲಿ ಅಮೆರಿಕದ ಅಯೋವಾಕ್ಕೆ ಬಂದವರು. ಅವರು ಹುಟ್ಟಿದ ಊರು ಒಮ್ಮೆ ನೋಡಬೇಕು ಅಂತ ಮಾವನವರಿಗೆ ಬಹಳ ಆಸೆ. ನಾನು ಹುಡುಕಿಕೊಡ್ತೀನಿ ಅಂತ ಕೂತೆ.

ತಪ್ಪಿದ್ದು ಮೊದಲ ದಿನವೇ. ಮಗ ಪೀಟರ್ಸನ್ ಅಂದಮೇಲೆ ಅಪ್ಪನೂ ಪೀಟರ್ಸನ್ ಅಂದುಕೊಂಡೆ. ಆ ಕಾಲದ ಡೆನ್ಮಾರ್ಕಿನ ಹಳ್ಳಿಗಳಲ್ಲಿ ಹಾಗಿರಲಿಲ್ಲ. ನೀಲ್ಸ್ ಎಂಬವನ ಮಗ ಪೇಡರ್ ನೀಲ್ಸೆನ್. ಪೇಡರನ ಮಗ ಪೇಡರ್ಸೆನ್. ಅವನೇ ಅಮೆರಿಕದಲ್ಲಿ ಪೀಟರ್ಸನ್ ಆಗುತ್ತಾನೆ. ಮನೆ ಒಂದೇ, ತಲೆಮಾರಿಗೊಂದು ಹೆಸರು. ಮನೆತನದ ಹೆಸರು ಕಾಯಂ ಮಾಡಿ ಅಂತ ಸರ್ಕಾರ 1828ರಲ್ಲಿ ಹೇಳಿತು, 1856ರಲ್ಲಿ ಮತ್ತೆ ಹೇಳಿತು. ಹಳ್ಳಿಯವರು ಬಹಳ ಕಾಲ ಹಳೇ ರೂಢಿ ಬಿಡಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗದಲ್ಲಿರುವುದು ನಮ್ಮಪ್ಪನ ಹೆಸರು. ಅಪ್ಪನ ಪಾಸ್‌ಪೋರ್ಟಿನಲ್ಲಿ ತಾತನ ಹೆಸರು. ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು, ಅಲ್ವಾ?

ಅಪ್ಪ ಮಗ ಇಬ್ಬರೂ ಪೇಡರ್ಸೆನ್, ಹುಟ್ಟಿದ ವರ್ಷವೂ ಸರಿಹೊಂದುವ ಒಂದು ಮನೆ ಸಿಕ್ಕಿತು. ಎರಡು ವರ್ಷ ಅದನ್ನೇ ಹಿಡಿದು ನಾಲ್ಕು ತಲೆಮಾರು ಹಿಂದಕ್ಕೆ ಹೋದೆ. ಮಾವನವರನ್ನು ಆ ಊರಿಗೂ ಕರೆದುಕೊಂಡು ಹೋದೆವು. ಚರ್ಚಿನ ಗೋಡೆ ಮುಟ್ಟಿ ಅತ್ತುಬಿಟ್ಟರು. ಅದು ಬೇರೆ ಯಾರದೋ ಊರು. ನಮ್ಮದು ಯಾವುದೆಂದು ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ.

ಗೊತ್ತಾದದ್ದು ಅಯೋವಾದಲ್ಲೇ. ಅವರ ಲೂಥರನ್ ಚರ್ಚಿನ ಹಳೇ ಪುಸ್ತಕದಲ್ಲಿ ಅಜ್ಜ ಹುಟ್ಟಿದ ತಾರೀಖು, ಡೆನ್ಮಾರ್ಕಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಹೆಸರು ಎರಡೂ ಇದ್ದವು. ಮನೆಯಿಂದ ಅರ್ಧ ಗಂಟೆ ದಾರಿ.

ಆದ್ದರಿಂದ ಪೀಟರ್ಸನ್ ಮನೆತನ ಹುಡುಕುವುದನ್ನು ಬಿಡಿ, ಅಂಥ ಮನೆತನ ಅಲ್ಲಿ ಇದ್ದಿರಲಿಕ್ಕಿಲ್ಲ. ನಿಮಗೆ ಬೇಕಾದ್ದು ಪ್ಯಾರಿಷ್ ಮತ್ತು ಹುಟ್ಟಿದ ತಾರೀಖು. ಅವೆರಡು ಸಿಕ್ಕರೆ ಡೆನ್ಮಾರ್ಕಿನ ಸರ್ಕಾರಿ ದಾಖಲೆ ಸಂಗ್ರಹ ರಿಗ್ಸಾರ್ಕಿವೆಟ್‌ನ ಸೈಟಿನಲ್ಲಿ ಚರ್ಚಿನ ಪುಸ್ತಕಗಳು ಪುಟ ಪುಟವೂ ಪುಕ್ಕಟೆ ಸಿಗುತ್ತವೆ. 1814ರಿಂದ ಎರಡೆರಡು ಪ್ರತಿ ಬರೆದಿದ್ದಾರೆ. ಒಂದು ಹಾಳಾಗಿದ್ದರೆ ಇನ್ನೊಂದು ನೋಡಿ. 1845ರಿಂದ ಜನಗಣತಿಯಲ್ಲಿ ಯಾರು ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದರು ಅಂತಲೂ ಇದೆ. ಹಳೇ ಗಾತಿಕ್ ಕೈಬರಹ ಓದಲು ಒಂದು ತಿಂಗಳು ಕಷ್ಟ, ಆಮೇಲೆ ಕಣ್ಣಿಗೆ ಹತ್ತುತ್ತದೆ. ಬರೀ ವರ್ಷ ಕೂಡಿತು ಅಂತ ಯಾರನ್ನೂ ಒಪ್ಪಬೇಡಿ. ತಾರೀಖು ಕೂಡಬೇಕು, ಅಮ್ಮನ ಹೆಸರೂ ಕೂಡಬೇಕು.

ಮನೆಯಲ್ಲಿ ವಯಸ್ಸಾದವರು ಕಾಯುತ್ತಿದ್ದರೆ ಈ ವಾರವೇ ಅವರ ಹಳೇ ಚರ್ಚಿಗೆ ಫೋನ್ ಮಾಡಿ.