ಆರೋಗ್ಯವಂತ ಕುದುರೆಯ ರಕ್ತದಲ್ಲಿ ಆಮ್ಲ-ಕ್ಷಾರ ಸಮತೋಲನ ಅಳೆಯಲು ಅಪಧಮನಿಯ ರಕ್ತವೇ ಬೇಕಾ?

ಬೇಕಿಲ್ಲ. ಕುತ್ತಿಗೆಯ ಜುಗುಲರ್ ಸಿರೆಯಿಂದ ತೆಗೆದ ರಕ್ತವೇ ಸಾಕು. ಶ್ವಾಸಕೋಶ ಎಷ್ಟು ಆಮ್ಲಜನಕ ತುಂಬುತ್ತಿದೆ ಅಂತ ನೋಡಬೇಕಿದ್ದರೆ ಮಾತ್ರ ಅಪಧಮನಿಗೆ ಸೂಜಿ ಹಾಕಬೇಕು.

ರಕ್ತ ಪರೀಕ್ಷಿಸುವ ಯಂತ್ರ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದರೆ ಆಮ್ಲ ಹೆಚ್ಚು) ಮತ್ತು ಕಾರ್ಬನ್ ಡೈಆಕ್ಸೈಡ್ ಒತ್ತಡವನ್ನು ನೇರವಾಗಿ ಅಳೆಯುತ್ತದೆ. ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟನ್ನು ಅವುಗಳಿಂದ ಲೆಕ್ಕ ಹಾಕುತ್ತದೆ. ಆರಾಮಾಗಿ ನಿಂತ ಕುದುರೆಯಲ್ಲಿ ಪಿಎಚ್ 7.4ರ ಆಸುಪಾಸು, ಬೈಕಾರ್ಬನೇಟ್ ಲೀಟರಿಗೆ ಸುಮಾರು 24ರಿಂದ 30 ಮಿಲಿಮೋಲ್.

ಎಡವಟ್ಟಾಗುವುದು ಜಾಸ್ತಿ ಸಿರಿಂಜಿನಲ್ಲೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಸಿರಿಂಜ್ ಬಳಸಿ, ಗಾಳಿಗುಳ್ಳೆ ಹೊರಹಾಕಿ, ತಕ್ಷಣ ಸಿರಿಂಜಿನ ಬಾಯಿ ಮುಚ್ಚಿ. ಗಾಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಸುಮ್ನೆ ಏರಿದಂತೆ ಕಾಣುತ್ತದೆ. ತಡವಾಗುವುದಾದರೆ ಐಸ್ ನೀರಿನಲ್ಲಿಡಿ. ಇಲ್ಲದಿದ್ದರೆ ರಕ್ತಕಣಗಳು ಸಕ್ಕರೆ ತಿಂದು ಲ್ಯಾಕ್ಟೇಟ್ ಮಾಡುತ್ತಾ ಪಿಎಚ್ ಇಳಿಸುತ್ತವೆ. ಜೋರಾಗಿ ಓಡಿಬಂದ ಕುದುರೆಯಲ್ಲೂ ಪಿಎಚ್ ಇಳಿದಿರುತ್ತದೆ, ಅದನ್ನು ಕಾಯಿಲೆ ಅಂದುಕೊಳ್ಳಬೇಡಿ.